ಒಂದು ದಿನದ ಕಾವಿ

ಮೆಟ್ಟಿಲ ತುದಿಯಲ್ಲಿ ಕಾವಿ, ಒಂದು ಚೂರು ಕಾವಿ, ದೋಣಿ ಇನ್ನೂ ದಡಕ್ಕೆ ತಾಗಿಲ್ಲ, ಲುವಾಂಗ್ ಪ್ರಬಾಂಗ್ ಬಂತು, ಕಾಲು ಜೋಪಾನ, ಹಲಗೆ ಜಾರುತ್ತೆ ಅಮ್ಮಾ, ಎಂದು ಸಿಥೋಂಗನ ಬಾಯಿ ತನ್ನಷ್ಟಕ್ಕೆ ತಾನೇ ಹೇಳುತ್ತಿತ್ತು, ಹನ್ನೊಂದು ವರ್ಷದಿಂದ ಪ್ರವಾಸಿಗಳನ್ನು ಎರಡು ದಿನ ಮೆಕಾಂಗ್ ನದಿಯ ಮೇಲೆ ಕರೆತಂದು ತನ್ನೂರಿನಲ್ಲಿ ಇಳಿಸುವ ಬಾಯಿ — ಕಣ್ಣು ಮಾತ್ರ ಮೇಲೆ, ಆ ಬೋಳು ತಲೆಯ ಮೇಲೆ, ಈಗಷ್ಟೇ ಬೋಳಿಸಿದ್ದು, ಮುಖ ಕಂದು, ನೆತ್ತಿ ಬಿಸಿಲು ಕಾಣದ ಬಿಳುಪು, ಎಡಕ್ಕೆ ಕುಡುಗೋಲಿನಂತೆ ಬಾಗಿದ ಹಳೆಯ ಗಾಯ. ತಮ್ಮ ಪಾನ್‌ಗೂ ಹಾಗೇ ಇದೆ, ಕೂದಲ ಕೆಳಗೆ, ಸಿಥೋಂಗನೇ ಏಳು ವರ್ಷದವನಿದ್ದಾಗ ತೆಂಗಿನ ಚಿಪ್ಪು ಎಸೆದು ಮಾಡಿದ್ದು, ಅಮ್ಮ ಹೆಗಲ ಬಟ್ಟೆ ಒತ್ತಿ ಹಿಡಿದು ಬೈದಿದ್ದಳು, ಪಾಪೀ, ತಲೇಲಿ ಜೀವ ಕೂತಿರುತ್ತೆ ಕಣೋ. ಪಾನೇ ಅದು. ಪಾನ್ ಯಾಕೆ ಹೀಗೆ, ಮೂರು ಗಾಲಿಯ ಗಾಡಿ ಓಡಿಸುವವನು, ಸಂಜೆಯಾದರೆ ಬಿಯರು, ನಾನು ಕಾವಿ ಉಟ್ಟರೆ ಬುದ್ಧನೇ ಎದ್ದು ಹೋಗ್ತಾನೆ ಕಣಣ್ಣ ಎಂದು ನಗುವವನು — ತಮಾಷೆಯೇ, ಕಾವಿಯ ಜೊತೆ ಯಾರಾದರೂ ತಮಾಷೆ ಮಾಡುತ್ತಾರೆಯೇ. ಎಷ್ಟು ಚೆಂದ, ಫೋಟೋ ತೆಗೀಬಹುದಾ, ಎನ್ನುತ್ತಿದ್ದಾಳೆ ಪಕ್ಕದಲ್ಲಿ ಜರ್ಮನಿಯ ಹೆಲ್ಗಾ, ಇಷ್ಟು ದೊಡ್ಡವರೂ ಈಗ ಹೊಸದಾಗಿ ಸನ್ಯಾಸಿ ಆಗ್ತಾರಾ? ಆಗ್ತಾರೆ ಅಮ್ಮಾ, ಬಾಯಿ ಶುರುಮಾಡಿತು, ಸ್ತೋತ್ರದಂತೆ ಕಂಠಪಾಠ, ನಮ್ಮಲ್ಲಿ ಮನೆಯವರು ತೀರಿಕೊಂಡರೆ ಸುಡುವ ದಿನ ಮಗನೋ ಮೊಮ್ಮಗನೋ ತಲೆ ಬೋಳಿಸಿ ಕಾವಿ ಉಡುತ್ತಾನೆ, ಒಂದೇ ದಿನಕ್ಕೆ, ಆ ಪುಣ್ಯ ಸತ್ತವರಿಗೆ, ಶವದ ಪೆಟ್ಟಿಗೆಗೆ ಕಟ್ಟಿದ ಬಿಳಿ ದಾರ ಹಿಡಿದು ಮುಂದೆ ಮುಂದೆ —

ಬಾಯಿ ನಿಂತಿತು. ಯಾರು. ಅಪ್ಪ ಹೋಗಿ ಬಹಳ ಕಾಲವಾಯಿತು, ಮನೆಯಲ್ಲಿ ಪಾನ್ ಬಿಟ್ಟರೆ ಇಬ್ಬರೇ, ಅಮ್ಮ, ಅಜ್ಜಿ, ಫೋನು ನಿನ್ನೆ ಬೆಳಿಗ್ಗೆ ದೋಣಿ ಹತ್ತುವಾಗ ನೀರಿಗೆ ಬಿತ್ತು, ಹೋಗಲಿ ಬಿಡು ಎಂದು ನಕ್ಕಿದ್ದ, ನಕ್ಕಿದ್ದನಲ್ಲ — ಅಮ್ಮ ಮೊನ್ನೆ ಸಂಜೆ ಮಾತಾಡಿದಳು, ಬರೋವಾಗ ಒಳ್ಳೇ ಹುಣಸೆಹಣ್ಣು ತಾರೋ ಎಂದಳು, ಗಟ್ಟಿ ದನಿ, ಅಜ್ಜಿಗೆ ಎಂಬತ್ತೆಂಟು, ಕೆಮ್ಮು, ಹಾಗಾದರೆ ಅಜ್ಜಿಯೇ, ಅಜ್ಜಿಯೇ ಆಗಿರಲಿ, ಬುದ್ಧಾ, ಅಜ್ಜಿಯೇ ಆಗಿರಲಿ — ಥೂ, ಎಂಥ ಪ್ರಾರ್ಥನೆ, ಬೆನ್ನಿಗೆ ಕಟ್ಟಿಕೊಂಡು ಗದ್ದೆ ನಾಟಿ ಮಾಡಿ ಸಾಕಿದವಳು, ಆದರೂ ತುಟಿ ಬಿಡಲೊಲ್ಲದು, ಹಲಗೆ ದಾಟಿದ, ಮೆಟ್ಟಿಲು, ಅಜ್ಜಿ, ಇನ್ನೊಂದು ಮೆಟ್ಟಿಲು, ಅಜ್ಜಿ, ಹಿಂದೆ ಹೆಲ್ಗಾ, ಸಿಥೋಂಗ್, ನಮ್ಮ ಪೆಟ್ಟಿಗೆಗಳು? ಮೇಲೆ ಯಾರೋ ಕೆಮ್ಮಿದರು. ಕಾವಿಗೆ ಸೋಂಕದಷ್ಟು ದೂರ, ಕೊಡೆ ಹಿಡಿದು, ಬಿಳಿ ಬಟ್ಟೆಯಲ್ಲಿ, ನಿಂತಿದ್ದಾಳೆ, ನೆಟ್ಟಗೆ ನಿಂತಿದ್ದಾಳೆ, ಅಜ್ಜಿ.

ಬಂದ್ಯಾ ಮಗಾ, ನಿನ್ನೆ ಬೆಳಿಗ್ಗೆ ಅನ್ನ ಬೇಯಿಸ್ತಾ ಬೇಯಿಸ್ತಾ ಒರಗಿಬಿಟ್ಟಳು ಕಣೋ, ಎಷ್ಟು ಸಲ ಫೋನ್ ಮಾಡಿದ್ವಿ, ನೀನು ಬರೋವರೆಗೂ ಬೆಂಕಿ ಬೇಡ ಅಂತ ನಾನೇ ತಡೆದೆ, ನಾನಿರೋವಾಗ ಅವಳು ಹೋಗೋದಾ, ನೀನೇ ಹೇಳು, ಇದು ನ್ಯಾಯವಾ — ಹೇಳು ಎನ್ನುತ್ತಾಳೆ, ಅವಳ ಮುಖ ನೋಡುವುದು ಹೇಗೆ, ಕೇಳಿಸಿರಬಹುದೇ ಅವಳಿಗೆ, ಪ್ರತಿ ಮೆಟ್ಟಿಲಿಗೂ ತಾನು ಕೇಳಿಕೊಂಡದ್ದು. ತಮ್ಮನನ್ನು ತಬ್ಬಬೇಕು, ಆದರೆ ಕಾವಿ ಉಟ್ಟವನು ತಮ್ಮನಲ್ಲ, ಮೊಣಕಾಲು ಊರಿದ, ಹಣೆ ನೆಲಕ್ಕೆ ಹಚ್ಚಿದ, ಒಮ್ಮೆ, ಎರಡು ಬಾರಿ, ಮೂರನೆಯದಕ್ಕೆ ಏಳಲಾಗಲಿಲ್ಲ, ಏಳಣ್ಣ, ಪಾನ್‌ನ ದನಿ ಒಡೆದಿತ್ತು, ಏಳು, ಅಮ್ಮ ಕಾಯ್ತಿದಾಳೆ, ಎಂದು ಬಾಗಿದ, ಅಷ್ಟು ಹತ್ತಿರ, ಕಣ್ಣೆದುರಿಗೇ, ಬಿಳಿ ನೆತ್ತಿ, ಎಡಕ್ಕೆ ಬಾಗಿದ ಗಾಯ, ಸಿಥೋಂಗನ ಕೈ ಎದ್ದಿತು, ಕಾವಿ ಉಟ್ಟವನ ತಲೆ ಮುಟ್ಟುವಂತಿಲ್ಲ, ಅಲ್ಲೇ ನಿಂತಿತು, ಬಿಳಿ ನೆತ್ತಿ, ಗಾಯ, ಬಿಳಿ ನೆತ್ತಿ