ಫೋನಿನಲ್ಲಿ ಕಂಡ ಕಡಲ ಮನೆ

ಬೆಂಗಳೂರಿನ ಜೀವನ್ ಬಿಮಾ ನಗರದ ಆ ಎರಡನೇ ಮಹಡಿಯ ಫ್ಲಾಟಿನಲ್ಲಿ ಬೆಳಗಾಗುತ್ತಿದ್ದುದೇ ಕೆಮ್ಮಿನಿಂದ. ಶ್ರೀನಿವಾಸಮೂರ್ತಿ ಎದ್ದು ಕೂತು ಕೆಮ್ಮುತ್ತಿದ್ದರು. ಹೆಂಡತಿ ರಮಾಮಣಿ ಎದ್ದು ನೀರು ಬಿಸಿ ಮಾಡಿಕೊಟ್ಟು, ಕಿಟಕಿಯ ಧೂಳು ಒರೆಸುತ್ತಿದ್ದಳು. ಒರೆಸಿದ ಅರ್ಧ ಗಂಟೆಗೆ ಅದು ಮತ್ತೆ ಅಲ್ಲೇ ಇರುತ್ತಿತ್ತು. ಎದುರಿನ ಹಳೇ ಮನೆ ಒಡೆದು ನಾಲ್ಕು ಮಹಡಿ ಏಳಿಸುತ್ತಿದ್ದರು. ಅದು ಮುಗಿದರೆ ಅದರ ಪಕ್ಕದ್ದು ಒಡೆಯಲು ಕಾದಿತ್ತು.

ಮೂರ್ತಿಯವರು ಕಾರ್ಖಾನೆಯಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು. ರಮಾಮಣಿ ಇನ್ನೂ ಗರುಡಾಚಾರ್‌ಪಾಳ್ಯದ ಒಂದು ಕಂಪನಿಯ ಆಫೀಸಿಗೆ ಹೋಗುತ್ತಿದ್ದಳು. ಹೋಗಲು ಒಂದೂವರೆ ಗಂಟೆ, ಬರಲು ಎರಡು. ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚುವುದು ಅವಳಿಗೆ ಅಭ್ಯಾಸವಾಗಿತ್ತು. ಮನೆಗೆ ಬಂದು ಚಪ್ಪಲಿ ಬಿಚ್ಚಿ, ಅಲ್ಲೇ ಕುರ್ಚಿಯಲ್ಲಿ ಕೂತರೆ ಅಡುಗೆಮನೆಯ ಕಡೆ ಹೆಜ್ಜೆ ಏಳುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಮದುವೆಗೆಂದು ಕೇರಳದ ಕಣ್ಣೂರಿನ ಕಡೆ ಹೋಗಿ, ಸಮುದ್ರದ ಹತ್ತಿರ ಎಂಟು ದಿನ ಇದ್ದು ಬಂದರು. ಆ ಎಂಟು ದಿನವೂ ಮೂರ್ತಿ ಕೆಮ್ಮಲಿಲ್ಲ. ರೈಲಿನಲ್ಲಿ ವಾಪಸು ಬರುವಾಗಲೇ ಇಬ್ಬರೂ ತೀರ್ಮಾನಿಸಿಬಿಟ್ಟಿದ್ದರು. ಇಲ್ಲಿಯ ಫ್ಲಾಟ್ ಮಾರಿ ಅಲ್ಲೊಂದು ಮನೆ ಕೊಳ್ಳುವುದು, ಇರುವಷ್ಟು ದಿನ ಅಲ್ಲಿರುವುದು. ಎದೆರೋಗದ ಡಾಕ್ಟರು ಮಾತ್ರ, ಧೂಳಿನಿಂದ ದೂರ ಹೋಗುವುದು ಒಳ್ಳೆಯದೇ, ಆದರೆ ತೇವದ ಗಾಳಿ ಎಲ್ಲರಿಗೂ ಒಗ್ಗುವುದಿಲ್ಲ, ಮೊದಲು ಇದ್ದು ನೋಡಿ ಎಂದರು. ಆ ಮಾತು ಇವರ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಮೂರ್ತಿ ಫೋನಿನಲ್ಲಿ ಹುಡುಕಿದರು. ಒಬ್ಬ ಬ್ರೋಕರ್ ಸಿಕ್ಕ. ಕನ್ನಡವನ್ನೂ ಚೆನ್ನಾಗಿ ಮಾತಾಡುತ್ತಿದ್ದ. ಮೇ ತಿಂಗಳಲ್ಲಿ ಒಂದು ಮನೆಯ ವಿಡಿಯೋ ಕಳಿಸಿದ. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಎರಡು ತೆಂಗಿನ ಮರ, ಅದರಾಚೆ ಸಮುದ್ರ. ಮಾಲೀಕರು ಗಲ್ಫ್‌ನಲ್ಲಿದ್ದಾರೆ, ತನ್ನ ಹೆಸರಿಗೆ ಜಿಪಿಎ ಬರೆದುಕೊಟ್ಟಿದ್ದಾರೆ, ಅಂದರೆ ಅವರ ಪರವಾಗಿ ಮಾರುವ ಅಧಿಕಾರ ತನಗೇ ಇದೆ ಎಂದ. ನೀವು ಅಷ್ಟು ದೂರದಿಂದ ಓಡಾಡುವುದೇ ಬೇಡ, ರಿಜಿಸ್ಟ್ರೇಷನ್ ದಿನ ಒಂದು ಸಲ ಬಂದರೆ ಸಾಕು ಎಂದ. ಜುಲೈ ಮೊದಲ ವಾರ ಅವನ ದನಿ ಬದಲಾಯಿತು. ಹೈದರಾಬಾದಿನವರೊಬ್ಬರು ಅದೇ ಮನೆ ಕೇಳಿಕೊಂಡು ಬಂದಿದ್ದಾರೆ, ಸೋಮವಾರದೊಳಗೆ ಮುಂಗಡ ಹಾಕಿದರೆ ಮಾತ್ರ ನಿಲ್ಲಿಸಿಕೊಳ್ಳಬಲ್ಲೆ ಎಂದ. ಅಷ್ಟರಲ್ಲಿ ಇಲ್ಲಿಯ ಫ್ಲಾಟಿಗೂ ಗಿರಾಕಿ ಸಿಕ್ಕಿದ್ದರು. ಶುಕ್ರವಾರ ಅಗ್ರಿಮೆಂಟ್ ಎಂದು ಮಾತಾಗಿತ್ತು.

ಆ ಭಾನುವಾರ ಇನಾಯತ್ ಉಲ್ಲಾ ಮನೆಗೆ ಬಂದರು. ರಿಚರ್ಡ್ಸ್ ಟೌನಿನವರು, ಸರ್ವೇ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೂ ಉಬ್ಬಸ. ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾದು ಕಾದು ಮೂರ್ತಿಯವರಿಗೆ ಸ್ನೇಹಿತರಾಗಿದ್ದರು. ಮೂರ್ತಿ ಸಂಭ್ರಮದಿಂದ ವಿಡಿಯೋ ತೋರಿಸಿದರು. ಇನಾಯತ್ ಕನ್ನಡಕ ಏರಿಸಿ ಪೂರ್ತಿ ನೋಡಿದರು.

"ಮನೆ ನೋಡಿದ್ರಾ ಸಾರ್?" ಎಂದು ಕೇಳಿದರು.

"ನೋಡಿದ್ವಲ್ಲ, ಇದೇ."

"ಇದು ಅವ್ರು ತೋರ್ಸಿದ್ದು. ನೀವು ಹೋಗಿ ನೋಡಿದ್ರಾ ಅಂತ ಕೇಳ್ತಿದೀನಿ."

ಮೂರ್ತಿಯವರ ಮುಖ ಗಂಟಿಕ್ಕಿತು. ಎಲ್ಲದಕ್ಕೂ ಅನುಮಾನ ಪಡುತ್ತ ಕೂತರೆ ಇದೇ ಧೂಳು ಕುಡಿದು ಸಾಯಬೇಕಾಗುತ್ತದೆ ಎಂದರು. ಇನಾಯತ್ ರಮಾಮಣಿಯ ಕಡೆ ತಿರುಗಿದರು. ಅವಳು ಟೀ ಲೋಟ ಇಟ್ಟು ಗೋಡೆಗೆ ಒರಗಿ ನಿಂತಿದ್ದಳು.

"ನನಗೆ ಸಾಕಾಗಿದೆ ಇನಾಯತ್ ಅವ್ರೇ," ಎಂದಳು. "ಇನ್ನೊಂದು ಆಫೀಸು, ಇನ್ನೊಂದು ಕ್ಯೂ ನನ್ನ ಕೈಲಾಗಲ್ಲ. ಅವ್ರೇ ಎಲ್ಲ ಮಾಡ್ಕೊಡ್ತೀನಿ ಅಂತಿದಾರೆ. ಮಾಡ್ಲಿ ಬಿಡಿ."

ಇನಾಯತ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, "ಅಮ್ಮಾ, ಮೂವತ್ನಾಲ್ಕು ವರ್ಷ ಸರ್ವೇ ಕೆಲಸ ಮಾಡಿದೀನಿ. ಜಾಗದಲ್ಲಿ ಮೋಸ ಹೋದೋರಲ್ಲಿ ದಡ್ಡರನ್ನ ನೋಡಿದ್ದು ಕಮ್ಮಿ. ಸುಸ್ತಾದೋರನ್ನೇ ಜಾಸ್ತಿ ನೋಡಿದ್ದು," ಎಂದರು.

ರಮಾಮಣಿ ಬಂದು ಕುರ್ಚಿಯಲ್ಲಿ ಕೂತಳು.

ಸಮುದ್ರದ ಪಕ್ಕ ಎಲ್ಲಿ ಬೇಕಾದರಲ್ಲಿ ಮನೆ ಕಟ್ಟುವ ಹಾಗಿಲ್ಲ ಎಂದು ಇನಾಯತ್ ವಿವರಿಸಿದರು. ಉಬ್ಬರದ ನೀರು ಏರಿ ಬರುವ ಗೆರೆಯಿಂದ ಇಷ್ಟು ದೂರದವರೆಗೆ ಕರಾವಳಿ ಕಾನೂನಿನ ನಿರ್ಬಂಧವಿದೆ. ಆ ದೂರ ಜಾಗದಿಂದ ಜಾಗಕ್ಕೆ ಬೇರೆ. ಈ ಮನೆ ಅದರೊಳಗಿದೆಯೋ ಹೊರಗಿದೆಯೋ, ಅನುಮತಿ ಪಡೆದು ಕಟ್ಟಿದ್ದೋ ಅಲ್ಲವೋ ಎನ್ನುವುದನ್ನು ಅಲ್ಲಿಯ ಪಂಚಾಯಿತಿಯಲ್ಲೇ ಕೇಳಬೇಕು. ಜಿಪಿಎ ಕೊಟ್ಟವರು ಒಬ್ಬರೇ ಮಾಲೀಕರೋ, ಬೇರೆ ಪಾಲುದಾರರಿದ್ದಾರೋ ಎನ್ನುವುದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ದಾಖಲೆಗಳಲ್ಲಿ ನೋಡಿಸಬೇಕು. ಕಾಗದವೆಲ್ಲ ಮಲಯಾಳಂ ಭಾಷೆಯಲ್ಲಿರುತ್ತದೆ.

"ಅದನ್ನ ಓದಿ ಹೇಳೋರು ನಿಮ್ಮ ಕಡೆಯೋರಾಗಿರ್ಬೇಕು, ಮಾರೋರ ಕಡೆಯೋರಲ್ಲ," ಎಂದರು. "ಈಗ ಮಳೆಗಾಲ. ನೋಡೋಕೆ ಇದೇ ಸರಿಯಾದ ಟೈಮು. ಬ್ರೋಕರ್‌ಗೆ ಹೇಳ್ದೆ ಹೋಗಿ."

ಮೂರ್ತಿ ಒಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೊರಟೇಬಿಟ್ಟರು. ರಮಾಮಣಿ ಬಾಗಿಲಲ್ಲಿ ನಿಂತು, "ರೀ, ಒಂದು ಸಲ ನೋಡ್ಕೊಂಡು ಬರೋಣ. ಅಷ್ಟರಲ್ಲಿ ಕೈ ತಪ್ಪಿ ಹೋದ್ರೆ ಹೋಗ್ಲಿ," ಎಂದಳು. ಗಂಡನ ಮಾತಿಗೆ ಎದುರಾಡುವ ಶಕ್ತಿ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಮೂರ್ತಿ ಚೀಲ ಕೆಳಗಿಟ್ಟರು.

ಆಫೀಸಿಗೆ ಮೂರು ದಿನ ರಜೆ ಹಾಕಿ, ಬಾಣಸವಾಡಿಯಲ್ಲಿ ರೈಲು ಹತ್ತಿದರು. ಮರುದಿನ ಬೆಳಿಗ್ಗೆ ಆಟೋದಲ್ಲಿ ಆ ಊರು ತಲುಪಿದಾಗ ಜಡಿಮಳೆ. ಮನೆ ವಿಡಿಯೋದಲ್ಲಿದ್ದ ಹಾಗೆಯೇ ಇತ್ತು, ಮುಂದಿನಿಂದ. ಹಿಂದೆ ಹೋಗಿ ನೋಡಿದರೆ ತೆಂಗಿನ ಮರ ಒಂದೇ ಉಳಿದಿತ್ತು. ಕಡಲು ತಡೆಯಲು ಹಾಕಿದ್ದ ದೊಡ್ಡ ಕಲ್ಲುಗಳು ಜಾರಿ ಬಿದ್ದಿದ್ದವು. ಪ್ರತಿ ಅಲೆಗೂ ನೊರೆ ಹಿತ್ತಲವರೆಗೆ ಬರುತ್ತಿತ್ತು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಉಪ್ಪಿನ ಬಿಳಿ ಗೆರೆ. ಅಷ್ಟೆತ್ತರಕ್ಕೆ ನೀರು ನಿಂತಿತ್ತು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಎರಡು ಮನೆ ಆಚೆಯಿಂದ ಒಬ್ಬ ಹೆಂಗಸು ಕೊಡೆ ಹಿಡಿದು ಬಂದಳು. ಹೆಸರು ಶೋಭನಾ. ರಮಾಮಣಿ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ತಮಿಳು ಬರುತ್ತಿತ್ತು. ಶೋಭನಾಗೂ ಅರ್ಥವಾಗುತ್ತಿತ್ತು. ಮನೆ ಕೊಳ್ಳಲು ಬಂದವರೆಂದು ತಿಳಿದಾಗ ಅವಳು ಆ ಮನೆಯ ಬಾವಿಯಿಂದಲೇ ನೀರು ಸೇದಿ ಲೋಟದಲ್ಲಿ ಕೊಟ್ಟಳು. ಒಂದು ಗುಟುಕು ಬಾಯಿಗೆ ಹಾಕಿದ ರಮಾಮಣಿ ಪಕ್ಕಕ್ಕೆ ತಿರುಗಿ ಉಗುಳಿದಳು. ಸಾರಿಗೆ ಹಾಕುವಷ್ಟು ಉಪ್ಪು.

ಆ ಮನೆ ಕಟ್ಟಿಸಿದ್ದು ತನ್ನ ಅಪ್ಪ ಎಂದಳು ಶೋಭನಾ. ಗಲ್ಫ್‌ನಲ್ಲಿರುವವನು ತನ್ನ ಅಣ್ಣ. ಅಪ್ಪ ವಿಲ್ ಬರೆಯದೆ ಹೋದದ್ದರಿಂದ ತನಗೂ ಪಾಲಿದೆ. ಮಾರುತ್ತೇವೆ ಎಂದು ತನ್ನನ್ನು ಯಾರೂ ಕೇಳಿಲ್ಲ, ತಾನು ಎಲ್ಲೂ ಸಹಿ ಹಾಕಿಲ್ಲ. ನಿಮಗಿಂತ ಮುಂಚೆ ಇಬ್ಬರು ಬಂದಿದ್ದರು, ಅವರಿಗೂ ಇದನ್ನೇ ಹೇಳಿದೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿ ಹೇಳಿ ಸಾಕಾದವಳ ದನಿ ಅದು. ರಮಾಮಣಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು.

ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತ ಮನೆ ನಂಬರು ನೋಡಿ ಇಲ್ಲವೆಂಬಂತೆ ತಲೆ ಆಡಿಸಿದ. ಅದು ಅನುಮತಿಯಿಲ್ಲದೆ ಕಟ್ಟಿದ ಮನೆಗೆ ತೆರಿಗೆ ಕಟ್ಟಿಸಿಕೊಳ್ಳಲಷ್ಟೇ ಕೊಟ್ಟ ನಂಬರು. ಜಾಗ ಕರಾವಳಿ ನಿರ್ಬಂಧದ ಗೆರೆಯೊಳಗಿದೆ. ಮನೆ ಬಿದ್ದರೆ ಅಲ್ಲಿ ಮತ್ತೆ ಕಟ್ಟಲು ಅನುಮತಿ ಸಿಗುವುದು ಕಷ್ಟ, ಬ್ಯಾಂಕಿನವರು ಸಾಲ ಕೊಡುವುದೂ ಅನುಮಾನ ಎಂದ. ಮೂರ್ತಿ ಹೊರಗೆ ಬಂದು ಬ್ರೋಕರಿಗೆ ಫೋನ್ ಮಾಡಿದರು. ಅದೆಲ್ಲ ಆಮೇಲೆ ಸರಿ ಮಾಡಿಸಬಹುದು, ಮೊದಲು ಮುಂಗಡ ಹಾಕಿ ಎಂದ ಅವನು. ಮೂರ್ತಿ ಫೋನ್ ಇಟ್ಟರು.

ಕಚೇರಿಯ ಮೆಟ್ಟಿಲ ಮೇಲೆ ಇಬ್ಬರೂ ತುಂಬ ಹೊತ್ತು ಕೂತರು. ಮಳೆ ನಿಲ್ಲುವ ಹಾಗೆ ಕಾಣಲಿಲ್ಲ.

"ಶುಕ್ರವಾರ ಫ್ಲಾಟ್ ಅಗ್ರಿಮೆಂಟ್ ಇತ್ತು ರಮಾ," ಎಂದರು ಮೂರ್ತಿ. "ಅದೂ ಹೋಗ್ತಿತ್ತು, ಇದೂ ಇರ್ತಿರ್ಲಿಲ್ಲ."

ರಮಾಮಣಿ ಒದ್ದೆ ಸೆರಗು ಹಿಂಡಿದಳು. ಬದುಕಿಕೊಂಡೆವು ಎಂಬ ಸಮಾಧಾನಕ್ಕಿಂತ ಆಯಾಸವೇ ಹೆಚ್ಚಾಗಿತ್ತು. ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ ಎನ್ನಿಸಿತು.

ಆದರೂ ಶುರು ಮಾಡಿದರು, ನಿಧಾನವಾಗಿ. ಫ್ಲಾಟ್ ಮಾರುವುದನ್ನು ನಿಲ್ಲಿಸಿ ಬಾಡಿಗೆಗೆ ಕೊಟ್ಟರು. ರಮಾಮಣಿ ಕೆಲಸ ಬಿಟ್ಟಳು. ಅದೇ ಕಣ್ಣೂರಿನ ಕಡೆ, ಸಮುದ್ರ ಬಿಟ್ಟು ಮೂರು ಕಿಲೋಮೀಟರ್ ಒಳನಾಡಿನ ಒಂದು ಪುಟ್ಟ ಪೇಟೆಯಲ್ಲಿ, ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದರು. ಆ ಮಳೆಗಾಲದ ಕೊನೆಯ ಮಳೆಗಳಲ್ಲಿ ಗೋಡೆಗೆ ಬೂಷ್ಟು ಹಿಡಿದು ಮೂರ್ತಿಯವರ ಕೆಮ್ಮು ಬೆಂಗಳೂರಿಗಿಂತ ಜೋರಾಯಿತು. ಡಾಕ್ಟರು ಹೇಳಿದ್ದು ಆಗ ನೆನಪಾಯಿತು. ಬಿಸಿಲು ಬರುವ ಕೋಣೆಗೆ ಮಂಚ ಹಾಕಿಸಿದ ಮೇಲೆ, ಮಳೆ ಕಡಿಮೆಯಾದ ಮೇಲೆ, ತಗ್ಗಿತು. ಬಾಡಿಗೆಗೆ ಇದ್ದುದರಿಂದ ಎಂಥ ಮನೆ ಬೇಕು, ಎಂಥದು ಬೇಡ ಎನ್ನುವುದು ಇಬ್ಬರಿಗೂ ತಿಳಿಯಿತು.

ಕರಾರು ಮುಂದುವರಿಸಿ ಮರುವರ್ಷದ ಮಳೆಗಾಲವನ್ನೂ ಅಲ್ಲೇ ಕಳೆದ ಮೇಲೆ, ಅದೇ ಪೇಟೆಯಲ್ಲಿ ಎತ್ತರದ ಜಾಗದಲ್ಲಿದ್ದ ಒಂದು ಮನೆ ನೋಡಿದರು. ತಾವೇ ಗೊತ್ತು ಮಾಡಿದ ವಕೀಲರಿಂದ ಮೂಲಪತ್ರ, ಋಣಭಾರ ಪತ್ರ, ತೆರಿಗೆ ರಸೀತಿ, ಕಟ್ಟಡದ ಅನುಮತಿ ಎಲ್ಲವನ್ನೂ ಓದಿಸಿ ಕೇಳಿದರು. ಮಾರುವ ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಬಂದು ಸಬ್‌ರಿಜಿಸ್ಟ್ರಾರ್ ಎದುರು ಕೂತರು. ಆಮೇಲೇ ಬೆಂಗಳೂರಿನ ಫ್ಲಾಟ್ ಮಾರಿದ್ದು. ಹೊಸ ಮನೆಯಿಂದ ಸಮುದ್ರ ಕಾಣುವುದಿಲ್ಲ. ಬಾವಿಯ ನೀರು ಸಿಹಿಯಾಗಿದೆ. ಇನಾಯತ್ ಉಲ್ಲಾ ಬಂದು ಒಂದು ವಾರ ಇದ್ದು ಹೋದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಊರು ಬಿಟ್ಟು ಬೇರೆ ರಾಜ್ಯದ ಕಡಲ ತೀರದಲ್ಲಿ ನೆಲೆಸುವ ಆಸೆ ನಿಮಗೂ ಇರಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಫೋನಿನಲ್ಲಿ ನೋಡಿ ದುಡ್ಡು ಕಳಿಸಬೇಡಿ. ಮಳೆಗಾಲದಲ್ಲಿ ಹೋಗಿ, ಮನೆಯ ಹಿಂದೆ ಹೋಗಿ, ಬಾವಿಯ ನೀರು ಕುಡಿದು, ಅಕ್ಕಪಕ್ಕದವರನ್ನು ಮಾತಾಡಿಸಿ. ಪಂಚಾಯಿತಿಯಲ್ಲಿ ಕರಾವಳಿ ನಿರ್ಬಂಧದ ಬಗ್ಗೆ ಕೇಳಿ. ಪಾಲುದಾರರೆಲ್ಲರ ಸಹಿ ಇದೆಯೇ ಎಂದು ನಿಮ್ಮ ವಕೀಲರಿಂದಲೇ ತಿಳಿಯಿರಿ. ಸಾಧ್ಯವಾದರೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಅಲ್ಲಿಯದು ಕೈಗೆ ಬರುವವರೆಗೆ ಇಲ್ಲಿಯದನ್ನು ಬಿಡಬೇಡಿ.

ಇಷ್ಟೆಲ್ಲ ಓಡಾಡಲು ಶಕ್ತಿ ಇಲ್ಲ ಅನ್ನಿಸುವ ದಿನ ಬರುತ್ತದೆ. ಆ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮಲಗಿ, ಸುಧಾರಿಸಿಕೊಳ್ಳಿ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ನೀವು ಎದ್ದು ಹೋಗಿ ನೋಡುವವರೆಗೂ ಅಲ್ಲೇ ಇರುತ್ತದೆ.