ಮೇಕೆ ಕುಡಿದ ಎರಡು ಮಿಲಿಮೀಟರು

ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ “ಅಂದಾಜು ಇಬ್ಬರು” ಎನ್ನುತ್ತಿದ್ದ ಮನುಷ್ಯ ಅವರು. ನೀರಾವರಿ ಕಚೇರಿಯ ಮೂಲೆಯ ಮೇಜಿನಲ್ಲಿ ಕುಳಿತು, ಕಾಲುವೆಯ ಬಯಲಿಗೆ ಮುಂಬರುವ ಹಂಗಾಮಿನಲ್ಲಿ ಎಷ್ಟು ನೀರು ಬೇಕಾದೀತೆಂದು ಇಪ್ಪತ್ತಾರು ವರ್ಷ ಲೆಕ್ಕ ಹಾಕುತ್ತ ಹಾಕುತ್ತ ಆ ಮಾತು ಅವರ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಹಾಗೆಂದು ಅವರ ಅಂದಾಜು ಬಾಯಿಗೆ ಬಂದ ಅಂದಾಜಲ್ಲ. ಒಂದೊಂದು ಮಿಲಿಮೀಟರಿಗೂ ಪ್ರಾಣ ಬಿಡುತ್ತಿದ್ದ ಅವರನ್ನು ಕಚೇರಿಯಲ್ಲಿ ನಾವೆಲ್ಲ ಕರೆಯುತ್ತಿದ್ದುದು ಮಿಲಿಮೀಟರ್ ಸಾಹೇಬರು ಎಂದೇ.

ಹೊಲದ ಬದುವಿನ ಮೇಲೆ ಕೊಕ್ಕರೆಯಂತೆ ಕಾಲೆತ್ತಿ ಇಡುತ್ತ ನಡೆದು, ಅಲ್ಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮೊಣಕೈ ಆಳದ ಗುಂಡಿ ತೋಡಿ, ಒಂದು ಹಿಡಿ ಮಣ್ಣು ತೆಗೆದು ಹಿಸುಕಿ, ಅದು ಉಂಡೆ ಕಟ್ಟಿತೋ ಉದುರಿತೋ ಎಂದು ಪರೀಕ್ಷಿಸಿ, ಆ ಮಣ್ಣನ್ನು ಕೋಟಿನ ಜೇಬಿಗಿಳಿಸುತ್ತಿದ್ದರು. ಬೂದು ಬಣ್ಣದ ಆ ಕೋಟಿನ ಜೇಬುಗಳು ಭಾರಕ್ಕೆ ಜೋತುಬಿದ್ದಿದ್ದವು. ಅದನ್ನು ಒಗೆಯಲು ಹೆಂಡತಿಗೂ ಅನುಮತಿಯಿರಲಿಲ್ಲ. ಅವರ ಅಕ್ಕನ ಹೊಲ ಕಾಲುವೆಯ ಕಟ್ಟಕಡೆಯಲ್ಲಿತ್ತು. ಯಾವ ಹಳ್ಳಿಗೆ ನೀರೆಂಬ ಪಟ್ಟಿ ಹೊರಬೀಳುವವರೆಗೆ ಅವರು ಆ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. “ಏನೋ, ನೀನು ನನ್ನ ತಮ್ಮನೋ, ಸರ್ಕಾರದ ತಮ್ಮನೋ?” ಎಂದು ಅಕ್ಕ ಬೇಲಿಯ ಆಚೆಯಿಂದಲೇ ರೇಗುತ್ತಿದ್ದಳು.

ಆ ವರ್ಷ ಬೇಡಿಕೆಯ ಅಂಕಿ ಎಂದಿಗಿಂತ ದೊಡ್ಡದಾಗಿ ಬಂತು. ಜಲಾಶಯದ ನೀರು ಅಷ್ಟಕ್ಕೆ ಸಾಲದು. ಕೊನೆಯ ಆರು ಹಳ್ಳಿಗಳನ್ನು ಈ ಹಂಗಾಮಿಗೆ ಕೈಬಿಡದೆ ಗತ್ಯಂತರವಿರಲಿಲ್ಲ. ಅಕ್ಕನ ಹಳ್ಳಿಯನ್ನೂ ಸೇರಿಸಿ ಆ ಆರು ಹೆಸರುಗಳನ್ನು ಅವರು ತಮ್ಮ ಕೈಯಾರೆ ಬರೆದರು.

ಆ ಪಟ್ಟಿಯನ್ನು ಓದಿ ಹೇಳುವ ರೈತರ ಸಭೆಗೆ ಇನ್ನು ಎರಡು ದಿನವಿತ್ತು. ಮಧ್ಯಾಹ್ನವೆಲ್ಲ ಹೊಲಗಳಲ್ಲಿರುತ್ತಿದ್ದವರು ಅಂದು ಶುದ್ಧಪ್ರತಿ ಮಾಡಲೆಂದು ಕಚೇರಿಯಲ್ಲೇ ಉಳಿದಿದ್ದರು. ಬೆಳೆಗೆ ಬೇಕಾದ ನೀರಿನ ಲೆಕ್ಕಕ್ಕೆ ಆಧಾರವಾಗಿ, ದಿನಕ್ಕೆ ಎಷ್ಟು ನೀರು ಬಿಸಿಲಿಗೆ ಆವಿಯಾಗುತ್ತದೆಂದು ಅಳೆಯಲು ಅಂಗಳದಲ್ಲಿಟ್ಟಿದ್ದ ಅಗಲವಾದ ತಗಡಿನ ತೊಟ್ಟಿ ಕಿಟಕಿಯಿಂದ ಕಾಣುತ್ತಿತ್ತು. ಕಾವಲುಗಾರನ ಮೇಕೆ ಅದಕ್ಕೆ ಮೂತಿಯಿಟ್ಟು ನಿಶ್ಚಿಂತೆಯಿಂದ ನೀರು ಕುಡಿಯುತ್ತಿತ್ತು.

ತೊಟ್ಟಿಯ ಮೇಲಿದ್ದ ತಂತಿಬಲೆಯನ್ನು ಎರಡು ತಿಂಗಳ ಹಿಂದೆ ತೆಗೆಸಿದವರು ಅವರೇ. ಬಲೆಯ ನೆರಳಿನಿಂದ ಆವಿಯ ಪ್ರಮಾಣ ಕೂದಲೆಳೆಯಷ್ಟು ಕಡಿಮೆ ತೋರುತ್ತದೆಂಬ ಅನುಮಾನ ಅವರ ನಿದ್ದೆಗೆಡಿಸಿತ್ತು. ಮರುದಿನ ಮಧ್ಯಾಹ್ನ ಅವರು ಮೇಕೆಯನ್ನು ಓಡಿಸಲಿಲ್ಲ. ಮೊದಲೇ ನೀರಿನ ಮಟ್ಟ ಅಳೆದಿಟ್ಟು, ಅದು ತೃಪ್ತಿಯಾಗಿ ಕುಡಿದು ಹೋಗುವವರೆಗೆ ಬಿಸಿಲಿನಲ್ಲಿ ನಿಂತಿದ್ದು, ಮತ್ತೆ ಅಳೆದರು. ಎರಡು ಮಿಲಿಮೀಟರು! ಬಿಸಿಲು ಕುಡಿಯಿತೆಂದು ಅವರು ಬರೆದಿಟ್ಟಿದ್ದರಲ್ಲಿ ದಿನವೂ ಅಷ್ಟನ್ನು ಮೇಕೆ ಕುಡಿದಿತ್ತು. ಅದನ್ನೇ ಇಡೀ ಬಯಲಿಗೆ, ಇಡೀ ಹಂಗಾಮಿಗೆ ಹರಡಿದಾಗ ಆರು ಹಳ್ಳಿಗಳ ಪಾಲು ಹೊರಟುಹೋಗಿತ್ತು.

ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋದರು. ನಾನು ಅಲ್ಲೇ ಕಡತ ಹಿಡಿದು ನಿಂತಿದ್ದೆ.

“ಸಾರ್, ಲೆಕ್ಕ ತಪ್ಪಿದೆ. ತಪ್ಪು ನಂದು.”

ಮೇಲಧಿಕಾರಿ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು. “ರೀ, ಮೇಕೆ ಕುಡೀತು ಅಂದ್ರೆ ಯಾರ್ರೀ ನಂಬ್ತಾರೆ? ಅಕ್ಕನ ಹೊಲಕ್ಕೆ ನೀರು ಬಿಡಿಸ್ಕೊಂಡ ಅಂತಾರೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಇಷ್ಟು ದಿನ ಕಾಪಾಡ್ಕೊಂಡು ಬಂದ ಹೆಸರನ್ನ ನೀರಲ್ಲಿ ಹೋಮ ಮಾಡ್ಬೇಡಿ.”

“ಅಂದ್ಕೊಳ್ಲಿ ಸಾರ್. ಹೆಸರು ನಂದು, ನೀರು ಅವ್ರದ್ದು.”

ಸಭೆಯಲ್ಲಿ ಅವರೇ ಎದ್ದು ಮೇಕೆಯ ವೃತ್ತಾಂತ ಹೇಳಿದರು. ಹಿಂದಿನ ಸಾಲಿನಿಂದ ಯಾರೋ “ಅದು ಅಕ್ಕನ ಮನೆ ಮೇಕೆ ಇರ್ಬೇಕು!” ಎಂದು ಕೂಗಿದರು. ಸಭೆಗೆ ಸಭೆಯೇ ಗೊಳ್ಳೆಂದಿತು. ನಕ್ಕವರಲ್ಲಿ ನಾನೂ ಒಬ್ಬ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಗೆ ಅಡಗುವವರೆಗೆ ಕಾದಿದ್ದು, ಅವರು ತಿದ್ದಿದ ಅಂಕಿಯನ್ನು ಓದಿ ಕುಳಿತರು.

ಆರೂ ಹಳ್ಳಿಗಳು ಬಿತ್ತಿದವು. “ಒಂದ್ಸಲ ಬಂದು ಪೈರು ನೋಡ್ಕೊಂಡು ಹೋಗೋ” ಎಂದು ಅಕ್ಕ ಹೇಳಿಕಳುಹಿಸಿದಳು, ಅವರು ಹೋಗಲಿಲ್ಲ. ಊರ ಬಾಯಿ ಮಾತ್ರ ಅವರ ನಿವೃತ್ತಿಯ ದಿನದವರೆಗೂ ಮುಚ್ಚಲಿಲ್ಲ.

ತನಗೆ ನಷ್ಟವಾದರೂ ನಿಜ ನುಡಿಯುವವರನ್ನು ಲೋಕ ಬೇಗ ಗುರುತಿಸಿ ಕೈಮುಗಿಯುತ್ತದೆ. ನಿಜ ಹೇಳಿದರೆ ತನ್ನವರಿಗೇ ಲಾಭ, ಆ ಲಾಭದಿಂದಲೇ ತನಗೆ ಕಳಂಕ ಎಂದು ತಿಳಿದೂ ಹೇಳುವವರ ಬಗೆ ಬೇರೆ. ಅವರ ಪರವಾಗಿ ಸಾಕ್ಷಿ ನುಡಿಯಲು ಯಾರೂ ಇರುವುದಿಲ್ಲ. ಅಂದು ಸುಮ್ಮನಿದ್ದಿದ್ದರೆ ಅವರು ಸಾಯುವತನಕ ಸತ್ಯವಂತರೆನಿಸಿಕೊಳ್ಳುತ್ತಿದ್ದರು.