ನೀಲಿ ಕುಡಿದ ಹೂವುಗಳು

ಕಣ್ಣಿನ ವಾರ್ಡಿನೊಳಗೆ ಹಸಿ ಹೂವು ತರುವಂತಿಲ್ಲ ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಹೂವಿನಂಗಡಿಯಲ್ಲೇ ಆಯುಷ್ಯ ಕಳೆದ ಅಕ್ಕ ಕಣ್ಣು ಬಿಟ್ಟಾಗ ಎದುರಿಗೆ ಬೋಳು ಗೋಡೆಯೇ? ತಲೆ ನರೆತರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯಾಗಿಯೇ ಉಳಿದಿದ್ದ ತಂಗಿ ಇದಕ್ಕೆ ಸುತರಾಂ ಒಪ್ಪಲಿಲ್ಲ.

ಅಕ್ಕನ ಎಡಗಣ್ಣು ಹೋಗಿ ಯಾವ ಕಾಲವಾಯಿತೋ. ಈಗ ಆಪರೇಷನ್ ಆದದ್ದು ಬಲಗಣ್ಣಿಗೆ. ಪಟ್ಟಿ ಬಿಚ್ಚಿದಾಗ ಇದೂ ಕಾಣದಿದ್ದರೆ ಮುಂದೆ ಬರೀ ಕತ್ತಲೆ. ಡಾಕ್ಟರು "ನೋಡೋಣ" ಎಂದಿದ್ದರು, ಅಷ್ಟೇ.

ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ಪುಟ್ಟಿ ಕತ್ತರಿ ಹಿಡಿದಳು. ಗೋಂದಿಗೆ ನೀಲಿ ಶಾಯಿ ಕಲಸಿ ಗಾಜಿನ ಹೂದಾನಿಯೊಳಗೆ ಸುರಿದು, ಒಳಮೈಗೆಲ್ಲ ಹರಡುವಂತೆ ತಿರುಗಿಸಿ ಒಣಗಿಸಿದಳು. ಮೆತ್ತನೆಯ ಬಿಳಿ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಕಾಂಡ ಮಾಡಿದಳು. ಎಸಳುಗಳನ್ನು ಕತ್ತರಿಸಿ, ಅಂಚನ್ನು ಬೆರಳಲ್ಲಿ ತೀಡಿ ಬಾಗಿಸಿ, ದಾರದಿಂದ ಕಟ್ಟಿದಳು. ಹೂವಿಗೆ ಬಣ್ಣ ಬಳಿಯುವ ಮೊದಲೇ ಆಸ್ಪತ್ರೆಗೆ ಹೋಗುವ ಹೊತ್ತಾಯಿತು.

"ಹೂವು ತಂದಿದೀನಿ ಅಕ್ಕ," ಎಂದು ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟಳು.

"ಯಾವ ಹೂವೇ?"

"ಬಿಳೀದು. ನಾಳೆ ನೀನೇ ನೋಡ್ತೀಯಲ್ಲ."

ಕಾಗದದ್ದೆಂದು ಹೇಳಲು ಬಾಯಿ ಬರಲಿಲ್ಲ. ಕಾಗದದ ಹೂವಿಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ. ಜೀವವಿಲ್ಲದ್ದನ್ನು ಮಾರುವವರನ್ನು ಅವಳು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಬೆಳಿಗ್ಗೆ ಪುಟ್ಟಿ ಬರುತ್ತಲೇ ಅಕ್ಕ ಗದರಿದಳು. "ಹೂವಿಗೆ ನೀರು ಹಾಕೋದು ಬೇಡ್ವೇನೇ? ತಡವಿ ನೋಡಿದ್ರೆ ಹೂದಾನಿ ಹಗುರ. ಕುಡಿಯೋ ನೀರೆಲ್ಲ ಅದಕ್ಕೇ ಹೊಯ್ದೆ. ಪಾಪ, ಬಾಯಾರಿದ್ವು."

ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತೆಂದು ಮೇಜಿನ ಕಡೆ ತಿರುಗಿದ ಪುಟ್ಟಿ ತೆರೆದ ಬಾಯಿ ಮುಚ್ಚುವುದನ್ನೇ ಮರೆತಳು. ಗಾಜಿನ ನೀಲಿ ಕರಗಿ, ಸುರುಳಿ ಕಾಗದದ ಕಾಂಡ ಹತ್ತಿ, ಎಸಳೆಸಳಿಗೂ ಹರಿದಿತ್ತು. ಕಾಗದದ ನೆರಿಗೆ ಇದ್ದ ಕಡೆಯೆಲ್ಲ ಕೂದಲೆಳೆಯಂಥ ನರ, ಅಂಚಿಗೆ ಬರುವಷ್ಟರಲ್ಲಿ ಮಾಸಿ ಬಿಳುಪು. ಯಾವ ಕುಂಚಕ್ಕೂ ಬಾರದ ಕೆಲಸ. ತಾನು ಮಾಡಿದ್ದನ್ನು ಮುಟ್ಟಲೂ ಅವಳಿಗೆ ಅಂಜಿಕೆಯಾಯಿತು. ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಡಾಕ್ಟರು ಬಂದರು, ಪಟ್ಟಿ ಬಿಚ್ಚಿದರು. ಅಕ್ಕ ರೆಪ್ಪೆ ಬಡಿದಳು. ಡಾಕ್ಟರು ಮುಖದೆದುರು ಬೆರಳೆತ್ತಿದರು.

"ಎಷ್ಟಿದೆ ಹೇಳಿ ಅಮ್ಮ?"

ಮತ್ತೆ ಕೇಳಿದರು. ಅಕ್ಕನ ನೋಟ ಬೆರಳಿನ ಮೇಲೆ ನಿಲ್ಲಲೇ ಇಲ್ಲ, ಎತ್ತಲೋ ಹೋಗಿತ್ತು. ಪುಟ್ಟಿ ಮಂಚದ ಕಂಬಿ ಹಿಡಿದುಕೊಂಡಳು.

"ಸ್ವಲ್ಪ ಆ ಕಡೆ ಸರೀರಿ ಡಾಕ್ಟ್ರೇ," ಎಂದಳು ಅಕ್ಕ. "ಹೂವಿಗೆ ಅಡ್ಡ ನಿಂತಿದೀರ."

ಡಾಕ್ಟರು ತೆಪ್ಪಗೆ ಸರಿದರು. ಅಕ್ಕ ಕತ್ತು ಚಾಚಿ, ಉಸಿರು ಬಿಗಿಹಿಡಿದು ನೋಡಿದಳು.

"ಪುಟ್ಟೀ, ಇಷ್ಟು ಸಣ್ಣ ನೀಲಿ ನರ ಇರೋ ಹೂವನ್ನ ನಾನು ಜನ್ಮದಲ್ಲೇ ಕಂಡಿಲ್ಲ ಕಣೇ. ಎಲ್ಲಿ ಬೆಳೀತಾರೆ ಇದನ್ನ?"